ಅನುಮಾನದಕ್ಕನ ಕಟಕಟೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗುಜರಿ ಬೀದಿಯ ಅಂಗಡಿಗಳ ಶಟರ್‌ಗಳು ಇಳಿದೇ ಇವೆ. ಬೀದಿಯ ಕೊನೆಯ ಮನೆಯ ಹೊರಗಿನ ಕೋಣೆಯಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ವಯಸ್ಸಾದ ಹೆಂಗಸೊಬ್ಬರು ಹಡಗಿನ ಹಳೆಯ ದಿಕ್ಸೂಚಿಯೊಂದನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದಾರೆ, ಹಾಲು ಕೆಟ್ಟಿದೆಯೋ ಏನೋ ಎಂದು ನೋಡುವ ಹಾಗೆ. ಆಮೇಲೆ ಒಗೆದ ಬಿಳಿ ಬಟ್ಟೆಯ ತುಂಡಿನಿಂದ ಅದರ ಹಿತ್ತಾಳೆಯ ಅಂಚನ್ನು ಒಂದೇ ಸಲ ಒರೆಸಿ, ಬಟ್ಟೆಯನ್ನು ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ. ಕಂದು ಕಲೆ. ಪರವಾಗಿಲ್ಲ ಎಂಬಂತೆ ತಲೆಯಾಡಿಸಿ ಅದನ್ನು ಗೋಡೆಯ ಹಲಗೆಯ ಮೇಲಿಟ್ಟು ಪಕ್ಕದ್ದನ್ನು ಎತ್ತಿಕೊಳ್ಳುತ್ತಾರೆ. ಬಟ್ಟೆಗೆ ಹಸಿರು ಹತ್ತಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

“ಅಲ್ಲೇ ನಿಲ್ಲಿ. ಏನೂ ಮುಟ್ಬೇಡಿ,” ಎನ್ನುತ್ತಾರೆ, ನನ್ನ ಕಡೆ ತಿರುಗಿಯೂ ನೋಡದೆ.

ಇದು ನನಗೆ ಸಿಕ್ಕ ಸ್ವಾಗತ. ಪತ್ರಿಕೆಯ ಗುರುತಿನ ಚೀಟಿ ತೋರಿಸುತ್ತೇನೆ. ಅದನ್ನು ಹಿಂದೆ ಮುಂದೆ ತಿರುಗಿಸಿ, ನನ್ನ ಫೋಟೋದ ಅಂಚನ್ನು ಉಗುರಿನಿಂದ ಕೆರೆದು ನೋಡಿ, ಗಂಡನ ಕೈಗೆ ಕೊಡುತ್ತಾರೆ. ಗಂಡ ನನ್ನ ಕಚೇರಿಗೇ ಫೋನ್ ಮಾಡಿ ಇಂಥವರೊಬ್ಬರು ನಿಮ್ಮಲ್ಲಿ ಇದ್ದಾರೆಯೇ ಎಂದು ಕೇಳುತ್ತಾರೆ. ಅಷ್ಟು ಮುಂಜಾನೆ ಅಲ್ಲಿ ಫೋನ್ ಎತ್ತಿದ ಕಾವಲುಗಾರನಿಗೆ ನನ್ನ ಹೆಸರು ನೆನಪಿಗೆ ಬರಲು ಸ್ವಲ್ಪ ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ನಾನು, ಯಾವ ತಪ್ಪೂ ಮಾಡದವನು, ಬೆವರಿದ್ದೇನೆ.

ನಾನೂ ಅನುಮಾನ ಇಟ್ಟುಕೊಂಡೇ ಬಂದವನು. ಎಲೆಮರೆಯ ಕಾಯಿಗಳನ್ನು ಹುಡುಕುವುದು ನನ್ನ ಹೊಟ್ಟೆಪಾಡು. ಅವುಗಳಲ್ಲಿ ಕೆಲವು ಎಲೆಯನ್ನು ತಾವೇ ಮುಂದಕ್ಕೆ ಎಳೆದುಕೊಂಡು, ಕ್ಯಾಮೆರಾ ಬಂತೇ ಎಂದು ಸಂದಿಯಲ್ಲಿ ಇಣುಕುತ್ತಿರುತ್ತವೆ. ಹಡಗಿನ ಹಳೆಯ ಉಪಕರಣಗಳನ್ನು ಕೂಡಿಡುವ ಹೆಂಗಸೊಬ್ಬರಿದ್ದಾರೆ, ಯಾರಿಗೂ ಮಾರುವುದಿಲ್ಲವಂತೆ ಎಂದು ಕೇಳಿದಾಗ ನನ್ನ ಮೊದಲ ಪ್ರಶ್ನೆ, ಹಾಗಾದರೆ ಇದರಲ್ಲಿ ಅವರಿಗೇನು ಲಾಭ ಎಂಬುದೇ ಆಗಿತ್ತು. ಗುಜರಿ ಬೀದಿಯಲ್ಲಿ ಅವರಿಗೆ ಇಟ್ಟಿರುವ ಹೆಸರು ಅನುಮಾನದಕ್ಕ. ಎದುರಿಗೇ ಹಾಗೆ ಕರೆಯುತ್ತಾರೆ, ಅವರೂ ಓಗೊಡುತ್ತಾರೆ.

ಈ ಬೀದಿಯ ಆಚೆಗೆ ಸಮುದ್ರ. ಆಯುಷ್ಯ ಮುಗಿದ ಹಡಗುಗಳು ಅಲ್ಲಿಗೆ ಬಂದು ದಡಕ್ಕೆ ತಲೆ ಕೊಡುತ್ತವೆ. ಅವುಗಳನ್ನು ತುಂಡು ತುಂಡಾಗಿ ಕತ್ತರಿಸುತ್ತಾರೆ. ಅಕ್ಕನ ಗಂಡ ಕೈ ನಡುಗಲು ಶುರುವಾಗುವ ತನಕ ಗ್ಯಾಸ್ ಕಟರ್ ಹಿಡಿದು ಆ ಕೆಲಸವನ್ನೇ ಮಾಡಿದವರು. ಕಬ್ಬಿಣ ಒಂದು ಕಡೆಗೆ ಹೋದರೆ ಹಿತ್ತಾಳೆ ಗುಜರಿ ಬೀದಿಗೆ ಬರುತ್ತದೆ. ಅಲ್ಲಿನ ಶೆಡ್ಡಿನಲ್ಲಿ ಬಾಗಿಲ ಹಿಡಿ, ಕಿಟಕಿಯ ಚೌಕಟ್ಟು, ಗಂಟೆ, ನಲ್ಲಿಗಳನ್ನೆಲ್ಲ ತಿಕ್ಕಿ ಬೆಳಗಿಸುವುದು ಅಕ್ಕನ ಕೆಲಸ. ಬೆರಳುಗಳ ಸಂದಿಗಳು ಶಾಶ್ವತವಾಗಿ ಕಪ್ಪಾಗಿವೆ. ಆ ಕೆಲಸವನ್ನು ಅಪ್ಪನಿಂದ ಕಲಿತರು. ಅಪ್ಪ ಹಿತ್ತಾಳೆಯ ಎರಕ ಹೊಯ್ಯುವವರು. ಅಕ್ಕನ ಜೊತೆ ಅದೇ ಕುಲುಮೆಯ ಮುಂದೆ ಕೂತು ಕಲಿತವನು ಇನ್ನೊಬ್ಬನಿದ್ದಾನೆ, ತಮ್ಮ. ಅವನ ವಿಷಯ ಆಮೇಲೆ ಬರುತ್ತದೆ.

ಸಂಗ್ರಹ ಶುರುವಾದದ್ದು ಒಂದು ಒಡೆದ ಗಾಜಿನ ದಿಕ್ಸೂಚಿಯಿಂದ. ಕರಗಿಸಲು ಹಾಕಿದ ರಾಶಿಯಲ್ಲಿ ಅದು ಬಿದ್ದಿತ್ತು. ಎತ್ತಿಕೊಂಡು ತಿರುಗಿದರೆ ಅದರ ಮುಳ್ಳೂ ತಿರುಗಿತು. ಅವರು ಎಡಕ್ಕೆ ತಿರುಗಿದರೆ ಅದು ಬಲಕ್ಕೆ ಸರಿದು ಮತ್ತೆ ಉತ್ತರಕ್ಕೇ ನಿಂತಿತು. “ಹಡಗೇ ಹೋಯ್ತು, ಇದಿನ್ನೂ ದಾರಿ ತೋರಿಸ್ತಾ ಕೂತಿತ್ತು. ಅದನ್ನ ಹೆಂಗೆ ಬೆಂಕಿಗೆ ಹಾಕೋದು?” ಎಂದು ಅಕ್ಕ ನನ್ನನ್ನೇ ಕೇಳುತ್ತಾರೆ. ಆ ವಾರದ ಕೂಲಿಯ ಬದಲು ಅದನ್ನೇ ಮನೆಗೆ ತಂದರು. ಆಮೇಲೆ ಹಡಗಿನ ಗಡಿಯಾರ, ದುರ್ಬೀನು, ಗಾಳಿಯ ಒತ್ತಡ ತೋರಿಸುವ ತಟ್ಟೆ, ನಕ್ಷೆಯ ಮೇಲೆ ದಾರಿ ಎಳೆಯುವ ಜೋಡಿ ಪಟ್ಟಿಗಳು, ಆಳ ನೋಡಲು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದ ಸೀಸದ ಗುಂಡು, ಹೀಗೆ ಒಂದೊಂದೇ ಬಂದು ಸೇರಿದವು.

ಆದರೆ ಬಂದದ್ದೆಲ್ಲ ಒಳಗೆ ಹೋಗುವಂತಿಲ್ಲ. ಈ ಮನೆಯಲ್ಲೊಂದು ಕಾಯಿದೆಯಿದೆ. ಹೊಸದಾಗಿ ಬಂದ ಯಾವುದೇ ವಸ್ತು ಹೊರಗಿನ ಕೋಣೆಯ ಹಲಗೆಯ ಮೇಲೆ ಒಂದು ಮಳೆಗಾಲ ಕಳೆಯಬೇಕು. ಏಕೆಂದರೆ ಹಳೆಯ ಉಪಕರಣಗಳಿಗೆ ಬೆಲೆ ಬಂದಾಗಿನಿಂದ ಹೊಸ ಹಿತ್ತಾಳೆಯನ್ನು ಮುದುಕ ಮಾಡುವವರೂ ಹುಟ್ಟಿಕೊಂಡಿದ್ದಾರೆ. ಉಪ್ಪುನೀರಿನಲ್ಲಿ ಅದ್ದಿ, ಆ್ಯಸಿಡ್ಡಿನ ಹೊಗೆ ಕೊಟ್ಟು, ಒದ್ದೆ ಮರದ ಪುಡಿಯಲ್ಲಿ ಹೂತಿಟ್ಟರೆ ನಿನ್ನೆ ಎರಕ ಹೊಯ್ದದ್ದಕ್ಕೆ ಇವತ್ತು ಅಜ್ಜನ ವಯಸ್ಸು. ಬೇಸಿಗೆಯಲ್ಲಿ ಎಂಥ ಕಣ್ಣಿಗೂ ಅದು ಗೊತ್ತಾಗುವುದಿಲ್ಲ. ಗಾಳಿಗೆ ತೇವ ಬಂದಾಗ ಮಾತ್ರ ಹಿತ್ತಾಳೆಯ ಒಳಗೆ ಕೂತ ಉಪ್ಪು ಹೊರಗೆ ಬಂದು ತಿಳಿಹಸಿರು ಪುಡಿಯಾಗಿ ಉದುರುತ್ತದೆ. ತಾನಾಗಿ ವಯಸ್ಸಾದದ್ದು ಮಳೆಗೆ ಅಲುಗಾಡುವುದಿಲ್ಲ. ಆ ಹಲಗೆಗೆ ಗಂಡ ಇಟ್ಟ ಹೆಸರು ಕಟಕಟೆ.

“ಮದುವೆ ಆದಾಗ ನನ್ನನ್ನೂ ಒಂದು ಮಳೆಗಾಲ ಅಲ್ಲೇ ನಿಲ್ಲಿಸಿದ್ಲು. ಹಸಿರು ಬರ್ಲಿಲ್ಲ, ಬಚಾವಾದೆ,” ಎಂದು ಅವರು ನನಗೆ ಚಹಾ ಕೊಡುತ್ತಾ ಹೇಳುತ್ತಾರೆ. ಮನೆ ತುಂಬ ಹಿತ್ತಾಳೆ ಇದ್ದರೂ ಹೆಂಡತಿಯ ಕಿವಿ ಮಾತ್ರ ಹಿತ್ತಾಳೆಯದಲ್ಲ ಎಂಬುದು ಅವರ ಇನ್ನೊಂದು ದೂರು. ಅಕ್ಕ ನಗುವುದಿಲ್ಲ. ನಾನು ಚಹಾದ ಲೋಟವನ್ನು ಎಲ್ಲಿಡುತ್ತೇನೆಂದು ನೋಡುತ್ತಿದ್ದಾರೆ.

ಒಳಕೋಣೆಗೆ ನನಗೆ ಪ್ರವೇಶವಿಲ್ಲ. ಬಾಗಿಲ ಸಂದಿಯಲ್ಲಿ ಗೋಡೆಯುದ್ದಕ್ಕೂ ಏನೇನೋ ಮಂದವಾಗಿ ಮಿನುಗುವುದು ಕಾಣುತ್ತದೆ, ಗಡಿಯಾರವೊಂದು ಟಿಕ್ ಎನ್ನುವುದು ಕೇಳುತ್ತದೆ, ಅಷ್ಟೇ. ಲೇಖನ ಬರೆಯಲು ಬಂದವನು ನೋಡದೆ ಹೇಗೆ ಬರೆಯಲಿ ಎಂದು ಕೇಳಿದರೆ, ಮಳೆ ಮುಗಿಯಲಿ, ಆಮೇಲೆ ನೋಡೋಣ ಎಂಬ ಉತ್ತರ ಬರುತ್ತದೆ. ಇನ್ನೂ ಒಂದು ಹನಿ ಬಿದ್ದಿಲ್ಲ. ನನಗೆ ಸಿಟ್ಟು ಬರುತ್ತದೆ. ನೋಡಬೇಡಿ ಎನ್ನುವ ಕಡೆ ಹುಳುಕಿರುತ್ತದೆ ಎಂಬುದು ನನ್ನ ಅನುಭವ. ಹಾಗಾಗಿ ಬಿಡದೆ ಮತ್ತೆ ಮತ್ತೆ ಹೋಗುತ್ತೇನೆ.

ಮೂರನೆಯ ಸಲವೋ ನಾಲ್ಕನೆಯ ಸಲವೋ ಗಂಡ ನನ್ನನ್ನು ಬೀದಿಯ ತನಕ ಬಿಡಲು ಬಂದವರು ಕಾಯಿದೆಯ ಹಿಂದಿನ ಕಥೆಯನ್ನು ಹೇಳುತ್ತಾರೆ. ಅಕ್ಕನ ಸಂಗ್ರಹ ಇನ್ನೂ ಎಳೆಯದಾಗಿದ್ದ ಕಾಲ. ತಮ್ಮ ಒಂದು ದುರ್ಬೀನು ತಂದುಕೊಟ್ಟ. ಅಕ್ಕ ಕಣ್ಣು ಮುಚ್ಚಿ ನಂಬಿದರು. ನಿವೃತ್ತ ಕಪ್ತಾನರೊಬ್ಬರು ಅದನ್ನು ಕಂಡು ಆಸೆಪಟ್ಟಾಗ, ಸಮುದ್ರ ಬಿಟ್ಟ ಜೀವ, ಸಂತೋಷಪಡಲಿ ಎಂದು ಅವರಿಗೇ ಕೊಟ್ಟರು. ಅದೇ ಮಳೆಗಾಲದಲ್ಲಿ ಕಪ್ತಾನರು ಬಂದು, ಹಸಿರು ಪುಡಿ ಉದುರುತ್ತಿದ್ದ ದುರ್ಬೀನನ್ನು ಬಾಗಿಲ ಮುಂದೆ ಇಟ್ಟು, ಮಾತಾಡದೆ ಹೋದರು. ತಮ್ಮನೇ ಅದನ್ನು ಎರಕ ಹೊಯ್ದು ಮುದುಕ ಮಾಡಿದ್ದು. ಅವನಿಗೆ ಅದೇ ಕಸುಬಾಗಿದೆಯೆಂದು ಅಕ್ಕನನ್ನು ಬಿಟ್ಟು ಬೀದಿಗೆಲ್ಲ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಈ ಬಗ್ಗೆ ಕೇಳಿದಾಗ ಅಕ್ಕ ಬಟ್ಟೆಯ ತುಂಡನ್ನು ಮಡಚುತ್ತಾ ನಿಲ್ಲುತ್ತಾರೆ. “ಅವರು ಬೈದಿದ್ರೆ ಚೆನ್ನಾಗಿರ್ತಿತ್ತು. ನಾನೂ ಪಾಲುದಾರಳು ಅಂದ್ಕೊಂಡೇ ಸತ್ತುಹೋದ್ರು,” ಎನ್ನುತ್ತಾರೆ. ಅಂದಿನಿಂದ ತಮ್ಮ ಈ ಹೊಸಿಲು ದಾಟಿಲ್ಲ. ಬಿಸಿ ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಎನ್ನುವುದನ್ನು ಕೇಳಿದ್ದೆ. ಇಲ್ಲಿ ನೀರನ್ನೂ ಊದುತ್ತಾರೆ.

ಇಷ್ಟು ಕಾಯಿದೆ ಇರುವ ಮನೆಗೆ ಈ ವರ್ಷ ಎರಡು ಸಂಗತಿಗಳು ಒಟ್ಟೊಟ್ಟಿಗೆ ಬಂದಿವೆ. ಮೊದಲನೆಯದು, ನಾವಿಕರನ್ನು ತಯಾರು ಮಾಡುವ ಶಾಲೆಯೊಂದು ಅಕ್ಕನ ಸಂಗ್ರಹವನ್ನು ಕೇಳಿದೆ. ಗಾಜಿನ ಕಪಾಟುಗಳನ್ನು ಮಾಡಿಸಿ, ಒಂದು ಕೋಣೆಯನ್ನೇ ಅದಕ್ಕೆ ಬಿಟ್ಟುಕೊಡುತ್ತಾರಂತೆ. ಅಕ್ಕನಿಗೆ ಮಕ್ಕಳಿಲ್ಲ. ತಾವು ಹೋದ ಮೇಲೆ ಇವೆಲ್ಲ ಬಂದ ದಾರಿಯಲ್ಲೇ ಕುಲುಮೆಗೆ ಹೋಗುತ್ತವೆ ಎಂಬುದು ಅವರ ಬಹಳ ದಿನದ ಸಂಕಟ. ಹಾಗಾಗಿ ಒಪ್ಪಿದ್ದಾರೆ. ಶಾಲೆಯ ಷರತ್ತು ಒಂದೇ: ಒಂದು ನಕಲಿ ಸಿಕ್ಕರೂ ಇಡೀ ಸಂಗ್ರಹ ವಾಪಸ್ಸು. ಕೊರತೆಯೂ ಒಂದೇ, ಇವರ ಬಳಿ ಸೆಕ್ಸ್‌ಟೆಂಟ್ ಇಲ್ಲ. ನಡುಸಮುದ್ರದಲ್ಲಿ ಸೂರ್ಯನೋ ನಕ್ಷತ್ರವೋ ದಿಗಂತದಿಂದ ಎಷ್ಟು ಮೇಲಿದೆಯೆಂದು ಅಳೆದು, ಹಡಗು ಎಲ್ಲಿದೆಯೆಂದು ಲೆಕ್ಕ ಹಾಕಲು ಬಳಸುತ್ತಿದ್ದ ಉಪಕರಣ ಅದು. ಅದಿಲ್ಲದ ಸಂಗ್ರಹವೆಂದರೆ ವರನಿಲ್ಲದ ಮದುವೆ. ಬಂದ ಸೆಕ್ಸ್‌ಟೆಂಟುಗಳೆಲ್ಲ ಒಂದಲ್ಲ ಒಂದು ಮಳೆಗಾಲದಲ್ಲಿ ಕಟಕಟೆಯಿಂದ ಉರುಳಿವೆ.

ಎರಡನೆಯ ಸಂಗತಿ, ಶಾಲೆಯವರು ಬಂದುಹೋದ ಕೆಲವೇ ದಿನಗಳಲ್ಲಿ ತಮ್ಮ ಒಂದು ಸೆಕ್ಸ್‌ಟೆಂಟ್ ತಂದು ಮೆಟ್ಟಿಲ ಮೇಲಿಟ್ಟಿದ್ದಾನೆ. ಒಡೆಯಲು ಬಂದ ಹಡಗಿನ ಕಪಾಟೊಂದರ ಹಿಂದೆ ಸಿಕ್ಕಿತು, ಇದು ನಿಜವಾದದ್ದು ಎಂದಷ್ಟೇ ಹೇಳಿ, ಕಾಸು ಕೇಳದೆ ಹೋಗಿದ್ದಾನೆ.

“ಬೇಕು ಬೇಕು ಅನ್ನೋವಾಗ್ಲೇ ತಾನಾಗಿ ಬಾಗಿಲಿಗೆ ಬಂದು ಬೀಳೋದು ಯಾವತ್ತೂ ನೆಟ್ಟಗಿರಲ್ಲ,” ಎನ್ನುತ್ತಾರೆ ಅಕ್ಕ. ಹಾಗೆಂದು ಎಸೆಯಲೂ ಇಲ್ಲ. ಕಟಕಟೆಯ ನಡುವೆ, ಎಲ್ಲಕ್ಕಿಂತ ಹೆಚ್ಚು ಬೆಳಕು ಬೀಳುವ ಜಾಗದಲ್ಲಿ ಇಟ್ಟಿದ್ದಾರೆ. ಬೆಳಿಗ್ಗೆ ಎಲ್ಲವನ್ನೂ ಒಂದು ಸಲ ಒರೆಸುವವರು ಅದನ್ನು ಎರಡು ಸಲ ಒರೆಸುತ್ತಾರೆ. ಅಲ್ಲಿ ನಿಂತಿರುವುದು ತಮ್ಮನೇ ಎಂದು ಗಂಡನಿಗೂ ಗೊತ್ತು, ನನಗೂ ಗೊತ್ತು.

ನಾನು ತಮ್ಮನನ್ನು ಹುಡುಕಿಕೊಂಡು ಹೋಗುತ್ತೇನೆ. ಬೀದಿಯ ಇನ್ನೊಂದು ತುದಿಯಲ್ಲಿ ಒಂದು ತಗಡಿನ ಶೆಡ್ಡು, ಒಂದು ಲೇತ್ ಯಂತ್ರ, ಗೋಡೆಗೆ ಸಾಲಾಗಿ ನೇತುಹಾಕಿದ ಅರಗಳು. ಅಕ್ಕನದೇ ಹುಬ್ಬು, ಅಕ್ಕನದೇ ಕಪ್ಪು ಬೆರಳು. ನಕಲಿ ಕೆಲಸ ಬಿಟ್ಟು ವರ್ಷಗಳಾದವು, ಈಗ ಪಂಪುಗಳಿಗೆ ಬಿಡಿಭಾಗ ಮಾಡಿಕೊಡುತ್ತೇನೆ ಎನ್ನುತ್ತಾನೆ. ಹಿತ್ತಲಲ್ಲಿ ಮುಚ್ಚಳ ಬಿಗಿದ ಒಂದು ಡ್ರಮ್ಮು ಕಾಣುತ್ತದೆ. ನಾನಿನ್ನೂ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ, ಅದು ನೀರಿಗೆ ಇಟ್ಟಿದ್ದು ಎಂದು ಅವನೇ ಹೇಳುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ. ಹತ್ತಿರ ಹೋದರೆ ಮೂಗು ಸುಡುವ ಆ್ಯಸಿಡ್ಡಿನ ವಾಸನೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದುಕೊಂಡು ಹೊರಬರುತ್ತೇನೆ. ನನ್ನ ಲೇಖನಕ್ಕೆ ಖಳನಾಯಕ ಸಿಕ್ಕಿದ ಎಂದು ಸ್ವಲ್ಪ ಖುಷಿಯೂ ಆಗುತ್ತದೆ.

ಡ್ರಮ್ಮಿನ ವಿಷಯವನ್ನು ಅಕ್ಕನಿಗೆ ಹೇಳಿದಾಗ ಅವರು ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ನನ್ನ ತಮ್ಮನ ಹಿತ್ತಲಿಗೆ ಹೋಗಲು ನಿಮಗೆ ಹೇಳಿದವರು ಯಾರು ಎಂದು ಕೇಳುತ್ತಾರೆ.

ಮಳೆ ಹಿಡಿಯುತ್ತದೆ. ಗುಜರಿ ಬೀದಿಯ ನೀರು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಅಕ್ಕ ಹೊರಕೋಣೆಯ ಕಿಟಕಿಯನ್ನು ಬೇಕೆಂದೇ ತೆರೆದಿಡುತ್ತಾರೆ, ತೇವ ಚೆನ್ನಾಗಿ ಒಳಗೆ ಬರಲಿ ಎಂದು. ಮಳೆ ಬಂದ ಹೊಸದರಲ್ಲೇ ಒಂದು ದಿಕ್ಸೂಚಿ ಹಸಿರು ಕಾರಿ ಹೊರಬೀಳುತ್ತದೆ. ನಾನು ಮೊದಲ ದಿನ ನೋಡಿದ್ದು ಅದೇ. ಸೆಕ್ಸ್‌ಟೆಂಟ್ ಮಾತ್ರ ಜಗ್ಗುವುದಿಲ್ಲ. ಬಟ್ಟೆ ಕಂದಾಗಿಯೇ ಬರುತ್ತದೆ. ಅಕ್ಕನ ಮುಖ ದಿನದಿಂದ ದಿನಕ್ಕೆ ಸಡಿಲವಾಗುವುದನ್ನು ನೋಡುತ್ತೇನೆ. ಒಂದು ಬೆಳಿಗ್ಗೆ ನನಗೆ ಕೂರಲು ಸ್ಟೂಲು ಕೂಡ ಸಿಗುತ್ತದೆ.

ಮಳೆ ಇನ್ನೇನು ಹಿಂದೆ ಸರಿಯಬೇಕು ಎನ್ನುವಾಗ, ಮೋಡ ಕವಿದ ಒಂದು ಬೆಳಿಗ್ಗೆ, ಬಟ್ಟೆಯಲ್ಲಿ ಹಸಿರು.

ಅಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದು ಹಾಗೇ ನಿಲ್ಲುತ್ತಾರೆ. ಗಂಡ ರೇಡಿಯೋ ಆರಿಸುತ್ತಾರೆ. ನನಗೆ ಗೊತ್ತಿತ್ತು ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿದೆ, ಆದರೆ ಆ ಮುಖ ನೋಡಿದ ಮೇಲೆ ಅದು ಹೊರಗೆ ಬರುವುದಿಲ್ಲ. ಅಷ್ಟು ವರ್ಷ ಅನುಮಾನಿಸಿದವರಿಗೆ ಆ ಅನುಮಾನ ನಿಜವಾಗಬಾರದೆಂಬ ಆಸೆ ಅಷ್ಟೊಂದು ಇತ್ತೆಂದು ನಾನು ಎಣಿಸಿರಲಿಲ್ಲ. ನನಗೆ ನಿಜಕ್ಕೂ ಕೆಟ್ಟೆನಿಸುತ್ತದೆ.

ಬೇರೆ ಯಾವುದಾಗಿದ್ದರೂ ಅಲ್ಲಿಗೆ ಹೊರಗೆ. ಆದರೆ ಅಕ್ಕ ಸೆಕ್ಸ್‌ಟೆಂಟನ್ನು ಮಗುಚಿ ಹಾಕಿ, ಕನ್ನಡಕ ಏರಿಸಿ, ಹೊಸ ಬಟ್ಟೆಯಿಂದ ಒಂದೊಂದೇ ಜಾಗವನ್ನು ಬೇರೆ ಬೇರೆಯಾಗಿ ಒರೆಸತೊಡಗುತ್ತಾರೆ. ಕಮಾನು ಕಂದು. ಹಿಡಿ ಕಂದು. ಕನ್ನಡಿಗಳ ಚೌಕಟ್ಟು ಕಂದು. ಮೇಜಿನ ಮೇಲೆ ಕೂರಿಸಲು ಅದಕ್ಕೆ ಹಿಂಬದಿಯಲ್ಲಿ ಬೆರಳಿನ ಗೆಣ್ಣಿನಷ್ಟುದ್ದದ ಮೂರು ಕಾಲುಗಳಿವೆ. ಮೊದಲನೆಯದು ಕಂದು, ಎರಡನೆಯದೂ ಕಂದು. ಮೂರನೆಯದರ ಬುಡದಲ್ಲಿ ತಿಳಿಹಸಿರು ಪುಡಿ. ಅದನ್ನು ತಿರುಗಿಸಿ ಬಿಚ್ಚಿದರೆ ಒಳಗಿನ ತಿರುಪಿನ ಸುತ್ತು ನಿನ್ನೆ ಕೊರೆದಂತೆ ಚೂಪಾಗಿದೆ.

“ಹೋಗಿ ಕರ್ಕೊಂಡ್ ಬನ್ನಿ,” ಎನ್ನುತ್ತಾರೆ ಗಂಡನಿಗೆ. ಯಾರನ್ನು ಎಂದು ಗಂಡ ಕೇಳುವುದಿಲ್ಲ.

ತಮ್ಮ ಬಂದು ಮೆಟ್ಟಿಲ ಕೆಳಗೆ, ಸೂರಿನ ನೀರು ಬೀಳುವಲ್ಲೇ ನಿಲ್ಲುತ್ತಾನೆ. ಅಕ್ಕ ಆ ಕಾಲನ್ನು ಅಂಗೈ ಮೇಲಿಟ್ಟು ತೋರಿಸುತ್ತಾರೆ.

“ಇದು ಯಾರ್ದು?”

“ನಂದೇ. ಸಿಕ್ಕಿದಾಗ ಎರಡೇ ಕಾಲಿತ್ತು. ಬಾಕಿ ಎಲ್ಲ ಅದರದ್ದೇ.”

“ಕಾಲು ಮಾಡಿದ್ದು ಸರಿ. ಅದನ್ಯಾಕೆ ಹಳೇದು ಮಾಡ್ದೆ?”

“ಹೊಳೆಯೋ ಕಾಲು ನೋಡಿದ್ರೆ ನೀನು ಇಡೀದೇ ಸುಳ್ಳು ಅಂತ ಎಸೀತಿದ್ದೆ.”

“ನಿಜವಾದ್ದನ್ನ ನಂಬ್ಸೋಕೂ ನಿಂಗೆ ಸುಳ್ಳೇ ಬೇಕಾಯ್ತಾ?”

ತಮ್ಮ ಮುಖದ ಮೇಲಿನ ನೀರು ಒರೆಸಿಕೊಳ್ಳುತ್ತಾನೆ. “ನಿನ್ನ ಹತ್ರ ನಿಜ ಒಂದೇ ಯಾವತ್ತು ಸಾಕಾಗಿದೆ, ಅಕ್ಕಾ?”

ಮುದುಕ ಮಾಡುವುದನ್ನು ಬಿಟ್ಟು ಬೇರೆ ದಾರಿ ಗೊತ್ತಿಲ್ಲದ ಕೈ ಅವನದು. ಡ್ರಮ್ಮನ್ನು ಆ ಒಂದು ಕಾಲಿಗೋಸ್ಕರ ಮತ್ತೆ ತೆರೆದನಂತೆ. ಅದನ್ನಾದರೂ ನಂಬಬೇಕೋ ಬೇಡವೋ ನನಗೆ ಗೊತ್ತಿಲ್ಲ. ಆದರೆ ಅಕ್ಕನಿಗೆ ಆ ಕೊನೆಯ ಪ್ರಶ್ನೆ ನಾಟಿದೆ. ಬಹಳ ಹೊತ್ತು ಆ ಪುಟ್ಟ ಕಾಲನ್ನು ಬೆರಳುಗಳ ನಡುವೆ ಹೊರಳಿಸುತ್ತಾರೆ. ಅಪ್ಪನ ಕುಲುಮೆಯಲ್ಲಿ ಇಬ್ಬರೂ ಕಲಿತ ಕೆಲಸ ಅದರಲ್ಲಿದೆ. ಆಕಾರದಲ್ಲಿ ಉಳಿದೆರಡಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕೊನೆಗೆ ಅಕ್ಕ ತಾವು ಶೆಡ್ಡಿಗೆ ಒಯ್ಯುವ ಚೀಲದಿಂದ ಪಾಲಿಶಿನ ಡಬ್ಬಿಯನ್ನೂ ಬಟ್ಟೆಯನ್ನೂ ತೆಗೆದು ಹೊಸಿಲ ಒಳಗೆ ಇಡುತ್ತಾರೆ.

“ನೀನು ಬಳಿದಿದ್ದು ನೀನೇ ತೆಗಿ. ಹೊಸಾದು ಹೊಸಾದಾಗೇ ಇರ್ಲಿ.”

ಡಬ್ಬಿ ಒಳಗಿದೆ. ಅದನ್ನು ತೆಗೆದುಕೊಳ್ಳಬೇಕಾದರೆ ಅವನೂ ಒಳಗೆ ಬರಬೇಕು. ತಮ್ಮ ಚಪ್ಪಲಿ ಬಿಟ್ಟು ಬಂದು, ಕಟಕಟೆಯ ಕೆಳಗೆ ನೆಲದ ಮೇಲೆ ಕೂತು ತಿಕ್ಕತೊಡಗುತ್ತಾನೆ. ಉಪ್ಪು ಬಿಡುವ ತನಕ ಬಿಸಿನೀರಿನಲ್ಲಿ ಅದನ್ನು ಮತ್ತೆ ಮತ್ತೆ ತೊಳೆಯುತ್ತಾನೆ. ಗಂಡ ಒಂದು ಲೋಟ ಚಹಾ ಹೆಚ್ಚು ಮಾಡುತ್ತಾರೆ. ಅಕ್ಕ ತಮ್ಮನನ್ನು ಕ್ಷಮಿಸಿದರೇ ಎಂದು ಆಮೇಲೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿ ಕೇಳುತ್ತೇನೆ. ಅವನನ್ನು ಇನ್ನೊಂದು ಮಳೆಗಾಲ ನೋಡುತ್ತಾರಂತೆ.

ಮಳೆ ನಿಂತ ಮೇಲೆ ಶಾಲೆಯ ಹಿರಿಯ ಮೇಷ್ಟ್ರು ಸಂಗ್ರಹವನ್ನು ಪರೀಕ್ಷಿಸಲು ಬರುತ್ತಾರೆ. ಅವತ್ತು ನನಗೂ ಒಳಕೋಣೆಯ ಬಾಗಿಲು ತೆರೆಯುತ್ತದೆ. ನಾನು ಅಂದುಕೊಂಡಂಥ ಹುಳುಕೇನೂ ಅಲ್ಲಿಲ್ಲ. ಸುಣ್ಣ ಬಳಿದ ಗೋಡೆ, ಒಂದು ಮಂಚ, ಸುತ್ತ ಹಲಗೆಗಳು. ದಿಕ್ಸೂಚಿಗಳ ಮುಳ್ಳುಗಳೆಲ್ಲ ಮಂಚದ ಕಾಲ್ದೆಸೆಗೆ ನೆಟ್ಟಿವೆ, ಹೆಚ್ಚುಕಡಿಮೆ ಒಂದೇ ದಿಕ್ಕಿಗೆ. ಇಷ್ಟು ವರ್ಷ ಗಂಡ ಹೆಂಡತಿ ಇವುಗಳ ನಡುವೆಯೇ ಮಲಗಿದ್ದಾರೆ.

ಮೇಷ್ಟ್ರು ಒಂದೊಂದನ್ನೇ ನೋಡಿ ತಲೆದೂಗುತ್ತಾ ಬಂದು ಸೆಕ್ಸ್‌ಟೆಂಟ್ ಎತ್ತಿಕೊಳ್ಳುತ್ತಾರೆ. ಕಣ್ಣಿಗೆ ಹಿಡಿದು ಕಿಟಕಿಯಾಚೆಗೆ ನೋಡುತ್ತಾರೆ, ಕಮಾನಿನ ಗೆರೆಗಳನ್ನು ಓದುತ್ತಾರೆ, ಮುಖ ಅರಳುತ್ತದೆ. ಆಮೇಲೆ ಮಗುಚುತ್ತಾರೆ. ಕಂದು ಹಿತ್ತಾಳೆಯ ನಡುವೆ ಒಂದು ಕಾಲು ಮಾತ್ರ ಬಂಗಾರದ ಹಾಗೆ ಹೊಳೆಯುತ್ತಿದೆ. ಅವರ ಬೆರಳು ಅಲ್ಲೇ ನಿಲ್ಲುತ್ತದೆ. ಇದು ಹೊಸದಲ್ಲವೇ ಎಂದು ಕೇಳುವಾಗ ದನಿ ಬದಲಾಗಿದೆ. ಆ ದನಿ ನನಗೆ ಚೆನ್ನಾಗಿ ಗೊತ್ತು. ನಾನೂ ಅದೇ ದನಿ ಹೊತ್ತು ಈ ಮನೆಗೆ ಬಂದವನು. ಬಾಗಿಲ ಬಳಿ ನಿಂತ ತಮ್ಮ ನೆಲ ನೋಡುತ್ತಾನೆ.

ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಸಿಕ್ಕಿದಾಗ ಎರಡು ಕಾಲಿತ್ತು, ಮೂರನೆಯದು ಹೊಸದು, ಉಳಿದದ್ದೆಲ್ಲ ಅದರದ್ದೇ. ಮೇಷ್ಟ್ರು ಮತ್ತೊಮ್ಮೆ ಕಮಾನು, ಕನ್ನಡಿ, ತಿರುಪಿನ ಸುತ್ತುಗಳನ್ನೆಲ್ಲ ನಿಧಾನವಾಗಿ ನೋಡಿ, ಕೊನೆಗೆ ಒಪ್ಪುತ್ತಾರೆ. ಆದರೆ ನೋಡಲು ಬಂದವರಿಗೆ ಸುಮ್ಮನೆ ಸಂಶಯ ಯಾಕೆ, ಕಾಲುಗಳ ಮೇಲೆ ಕೂರಿಸಿಬಿಟ್ಟರೆ ಅದು ಯಾರಿಗೂ ಕಾಣಿಸುವುದಿಲ್ಲ ಎಂದು ಸಲಹೆ ಕೊಡುತ್ತಾರೆ.

“ಬೇಡ. ಮಗುಚಿ ಇಡಿ, ಕಾಣ್ಲಿ,” ಎನ್ನುತ್ತಾರೆ ಅಕ್ಕ.

ಹಾಗಾದರೆ ಕೆಳಗಿನ ಫಲಕದಲ್ಲಿ ಏನೆಂದು ಬರೆಸಲಿ, ಸಂಗ್ರಹಿಸಿದವರು ಎಂದು ನಿಮ್ಮ ಹೆಸರು ಹೇಗೂ ಇರುತ್ತದೆ ಎನ್ನುತ್ತಾರೆ ಮೇಷ್ಟ್ರು. ಅಕ್ಕ ಕೈಯಲ್ಲಿದ್ದ ಬಿಳಿ ಬಟ್ಟೆಯಿಂದ ಆ ಹೊಳೆಯುವ ಕಾಲನ್ನು ಒಂದು ಸಲ ಒರೆಸುತ್ತಾರೆ. ಬಟ್ಟೆಯನ್ನು ಬೆಳಕಿಗೆ ಹಿಡಿಯುವುದಿಲ್ಲ, ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

“ನನ್ನ ಹೆಸರು ಇಲ್ದಿದ್ರೂ ನಡೆಯುತ್ತೆ. ಈ ಕಾಲು ನನ್ನ ತಮ್ಮ ಮಾಡಿದ್ದು ಅಂತ ಬರೆಸಿ. ಅದರಲ್ಲಿ ನಂಗೆ ಅನುಮಾನ ಇಲ್ಲ.”